ಕುಕ್ಕರಿಗೆ ಸೈನ್ಸ್, ಕಾಮರ್ಸ್ ಭೇದವಿಲ್ಲ

"ನಮಗ ಯಾಕ ಬೇಕೋ ಫಿಜಿಕ್ಸ್? ನಾವು ಕಾಮರ್ಸ್‌ನವರು." ನಮ್ಮ ತರಗತಿಯಲ್ಲಿ ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಹೇಳಿದವನು ನಾನೇ. ಈಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕಾರಣ, ನಮ್ಮ ಮನೆಯ ಕುಕ್ಕರ್.

ಕಳೆದ ರಂಜಾನ್‌ನಲ್ಲಿ ಒಂದು ದಿನ ಸಹರಿ ಹೊತ್ತಿಗೆ ಅಮ್ಮಿ ಬೇಳೆ ಇಟ್ಟಿದ್ದರು. ನೀರು ಆರಿ, ಮುಚ್ಚಳದ ಸೇಫ್ಟಿ ವಾಲ್ವ್ ಕರಗಿ ಹೋಯಿತು. ಹೊಸದಕ್ಕೆ ನಲವತ್ತು ರೂಪಾಯಿ ಯಾಕೆ ಎಂದು ನಾನು ಆ ತೂತಿಗೆ ಬೋಲ್ಟ್ ಹಾಕಿ ಬಿಗಿದೆ. ಉಳಿತಾಯ ಮಾಡಿದೆನೆಂದು ಹೆಮ್ಮೆಯೂ ಪಟ್ಟೆ. ಹತ್ತು ದಿನ ಅಮ್ಮಿ ಅದರ ಮುಂದೆಯೇ ನಿಂತು ಅಡುಗೆ ಮಾಡಿದರು.

ಸೈನ್ಸ್ ಓದುವ ಖಾಲಾ ಅವರ ಮಗ ಮನೆಗೆ ಬಂದಾಗ ಬೋಲ್ಟ್ ನೋಡಿ ಮೊದಲು ಒಲೆ ಆರಿಸಿದ. ಆಮೇಲೆ ನನ್ನ ಅಕೌಂಟ್ಸ್ ನೋಟ್‌ಬುಕ್ಕಿನಲ್ಲೇ ಲೆಕ್ಕ ಬರೆದ. ಸಿಳ್ಳೆ ಹೊಡೆಯುವಾಗ ಒಳಗಿನ ಹಬೆ ಹೊರಗಿನ ಗಾಳಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು ಹೆಚ್ಚು ಒತ್ತುತ್ತದೆ. ಕೃಷ್ಣಾ ಹೊಳೆಯಲ್ಲಿ 10 ಮೀಟರ್ ಆಳದಲ್ಲಿ ನೀರು ಒತ್ತುವಷ್ಟು! ಮುಚ್ಚಳ 20 ಸೆಂ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ 314 ಚದರ ಸೆಂ.ಮೀ. ಅಂದರೆ ಮುಚ್ಚಳವನ್ನು ಮೇಲಕ್ಕೆ ನೂಕುವ ಬಲ ಮೂರು ಕ್ವಿಂಟಲ್ ಜೋಳದ ಭಾರಕ್ಕೆ ಸಮ. ಸಿಳ್ಳೆಯ ದಾರಿಗೆ ಬೇಳೆ ಸಿಕ್ಕಿಕೊಂಡರೆ ಅದು ಏರುತ್ತಲೇ ಹೋಗುತ್ತದೆ. ಆಗ ತೆರೆಯಬೇಕಾದ ಬಾಗಿಲಿಗೇ ನಾನು ಬೋಲ್ಟ್ ಬಿಗಿದಿದ್ದೆ.

ನಾನು ಇದನ್ನು ಓದಿರಲಿಲ್ಲವೇ? ಓದಿದ್ದೆ. ಉರ್ದು ಶಾಲೆಯಲ್ಲಿ ಅದು 'ದಬಾವ್', ಹೈಸ್ಕೂಲಿನಲ್ಲಿ 'ಒತ್ತಡ', ಈಗ 'ಪ್ರೆಷರ್'. ಬಲವನ್ನು ವಿಸ್ತೀರ್ಣದಿಂದ ಭಾಗಿಸಬೇಕು ಎಂದು ಬರೆದು ಅಂಕವನ್ನೂ ಪಡೆದಿದ್ದೆ. ಮೂರು ಹೆಸರು ಗೊತ್ತಿದ್ದವು, ವಿಷಯ ಗೊತ್ತಿರಲಿಲ್ಲ.

ಇನ್ನು ಖರ್ಚಿನ ಮಾತು. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ, ಕುಕ್ಕರಿನ ಒತ್ತಡದಲ್ಲಿ ಸುಮಾರು 120ಕ್ಕೆ. ಸಿಳ್ಳೆ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಬಿಸಿ ಏರುವುದಿಲ್ಲ, ಗ್ಯಾಸು ಹಬೆಯಾಗಿ ಹೊರಗೆ ಹೋಗುತ್ತದೆ. ಉರಿ ಸಣ್ಣ ಮಾಡಿದರೂ ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ. ಇದಕ್ಕಿಂತ ಒಳ್ಳೆಯ ಕಾಮರ್ಸ್ ಪಾಠ ಯಾವುದು?

ನಮ್ಮ ತಂಗಡಗಿಗೆ ಹೊಳೆ ಹರಿದು ಬರುವುದು ಆಲಮಟ್ಟಿ ಕಡೆಯಿಂದ. ಅಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರವಿದೆ. ಅಲ್ಲಿ ನೀರು ಖರ್ಚಾಗುವುದಿಲ್ಲ. ಎತ್ತರದಲ್ಲಿದ್ದಾಗಿನ ಶಕ್ತಿಯನ್ನು ಟರ್ಬೈನಿಗೆ ಕೊಟ್ಟು ಕೆಳಗೆ ಹರಿಯುತ್ತದೆ. ಒಂದು ಖಾತೆಗೆ ಖರ್ಚು, ಇನ್ನೊಂದಕ್ಕೆ ಜಮಾ. ಡಬಲ್ ಎಂಟ್ರಿ ಕಲಿತವರಿಗೆ ಶಕ್ತಿಯ ನಿಯಮ ಹೊಸದೇನಲ್ಲ.

ಆದ್ದರಿಂದ ನಮ್ಮ ಗುರುಗಳಲ್ಲಿ ಒಂದು ವಿನಂತಿ. ತಿಂಗಳಿಗೆ ಒಂದು ಪೀರಿಯಡ್ ಸೈನ್ಸ್‌ನವರು ನಮಗೆ ಮನೆಯ ಫಿಜಿಕ್ಸ್ ತೋರಿಸಲಿ: ಕುಕ್ಕರ್, ಗ್ಯಾಸ್, ಮಣ್ಣಿನ ಮಡಿಕೆ. ಬದಲಿಗೆ ನಾವು ಅವರಿಗೆ ಬ್ಯಾಂಕ್ ಬಡ್ಡಿ, ಜಿಎಸ್‌ಟಿ ಬಿಲ್ಲು ಕಲಿಸುತ್ತೇವೆ. ಪರೀಕ್ಷೆ ಬೇಡ, ಅಂಕವೂ ಬೇಡ.

ಅಲ್ಲಿಯವರೆಗೆ, ಗೆಳೆಯರೇ, ಇವತ್ತು ಮನೆಗೆ ಹೋದ ಕೂಡಲೇ ಕುಕ್ಕರಿನ ವಾಲ್ವ್ ಒಮ್ಮೆ ನೋಡಿ. ನಲವತ್ತು ರೂಪಾಯಿ ಉಳಿಸಲು ನಾನು ಪಣಕ್ಕಿಟ್ಟದ್ದು ಅಮ್ಮಿಯ ಜೀವವನ್ನು.