ಮೊಮ್ಮಕ್ಕಳಿರುವ ಬ್ಯಾಚುಲರ್‌ಗಳು

ಇಬ್ರಿ ಸೂಕ್‌ನ ಹಿಂದೆ ಬಾಡಿಗೆಗೆ ರೂಮು ಕೇಳಿದರೆ ಮೊದಲ ಪ್ರಶ್ನೆ: 'ಫ್ಯಾಮಿಲಿಯಾ, ಬ್ಯಾಚುಲರಾ?' ನಾವು ಬ್ಯಾಚುಲರ್ ಅನ್ನುತ್ತೇವೆ. ಒಂದೇ ರೂಮಿನಲ್ಲಿರುವ ನಮ್ಮ ಆರು ಮಂದಿಯಲ್ಲಿ ಐವರಿಗೆ ನಿಕಾಹ್ ಆಗಿದೆ, ಒಬ್ಬರಿಗೆ ಮೊಮ್ಮಗುವೂ ಉಂಟು. ಅಜ್ಜನಾದವನೂ ಇಲ್ಲಿ ಬ್ಯಾಚುಲರೇ. ಹೇಳಿ ಹೇಳಿ ಎಷ್ಟು ಅಭ್ಯಾಸವಾಗಿದೆ ಅಂದರೆ ಈಗ ಅದಕ್ಕೆ ನಗು ಕೂಡ ಬರುವುದಿಲ್ಲ.

ಈ ಮಾತು ಈಗ ಎತ್ತಲು ಕಾರಣ ಉಂಟು. ಇತ್ತೀಚೆಗೆ ನಮ್ಮ ಮುಂದೆ ಒಂದು ಗಂಡ-ಹೆಂಡತಿ ತಕರಾರು ಬಂತು. ಗಂಡ ಇಲ್ಲಿ, ಹೆಂಡತಿ ಬಂಟ್ವಾಳದ ಕಡೆ, ಫೋನಿನಲ್ಲಿ. ನಾವು ನಾಲ್ಕು ಜನ ದೊಡ್ಡವರ ಹಾಗೆ ಕೂತು, 'ಸಬರ್ ಮಾಡಬೇಕಮ್ಮ, ಅವನು ನಿಮಗೋಸ್ಕರವೇ ಬಿಸಿಲಲ್ಲಿ ಬೇಯುತ್ತಿದ್ದಾನೆ' ಎಂದೆವು. ಆಕೆ ತಿರುಗಿ ಕೇಳಿದ್ದು ಒಂದೇ: 'ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಕಾಕ. ಒಟ್ಟಿಗೆ ಇದ್ದದ್ದು ಎಷ್ಟು ತಿಂಗಳು, ನೀವೇ ಲೆಕ್ಕ ಹಾಕಿ.' ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮದುವೆಗೆ ಹೋದ ರಜೆ ಸೇರಿಸಿದರೂ ಹತ್ತು ತಿಂಗಳು. ನಮ್ಮ ನಾಲ್ವರ ಬಾಯಿ ಬಂದ್.

ಇಂಥ ಸಂಗತಿ ಬಂದಾಗ ನಮ್ಮವರಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತದೆ. ಒಂದು, ಗಲ್ಫಿನವರ ಹೆಂಡಂದಿರಿಗೆ ದುಡ್ಡು ಹೆಚ್ಚಾಗಿದೆ, ಮೊಬೈಲ್ ಹೆಚ್ಚಾಗಿದೆ. ಇನ್ನೊಂದು, ನಮ್ಮ ನಸೀಬು. ಹಿರಿಯರೂ ಬೊಂಬಾಯಿಗೆ ಹೋಗಿ ಹೀಗೇ ಬದುಕಿದವರಲ್ಲವಾ? ಎರಡನ್ನೂ ನಾವು ಒಪ್ಪುವುದಿಲ್ಲ. ದುಡಿಯುವವನು ಒಂಟಿಯಾಗಿ ಬರಬೇಕು, ಅವನ ಸಂಸಾರ ಬೇರೆಲ್ಲೋ ಇರಬೇಕು ಎಂಬುದು ಆಕಾಶದಿಂದ ಇಳಿದ ವಿಧಿಯಲ್ಲ. ಅದನ್ನು ಕಚೇರಿಯಲ್ಲಿ ಕೂತು ಮನುಷ್ಯರು ಬರೆದರು. ಬರೆದವರಲ್ಲಿ ಮೊದಲಿಗರು ಬ್ರಿಟಿಷರು.

ಹತ್ತೊಂಬತ್ತನೇ ಶತಮಾನದಲ್ಲಿ ಮಾರಿಷಸ್, ನೆಟಾಲ್, ಫಿಜಿಯ ಕಬ್ಬಿನ ತೋಟಗಳಿಗೆ ಗಿರ್ಮಿಟ್ ಕೂಲಿಗಳನ್ನು ಹಡಗಿಗೆ ತುಂಬುವಾಗ ಒಂದು ಪ್ರಮಾಣ ನಿಗದಿಯಾಗಿತ್ತು: 100 ಗಂಡಸರಿಗೆ 40 ಹೆಂಗಸರು. ಸಂಸಾರ ಕಟ್ಟಲಿಕ್ಕೆ ಹಾಕಿದ ಲೆಕ್ಕವಾ ಅದು? ತೋಟದವನಿಗೆ ಬೇಕಾದದ್ದು ತೋಳು. ತೋಳಿನ ಹಿಂದೆ ಬರುವ ಮುದುಕರು, ಮಕ್ಕಳು, ಬಸುರಿ ಅವನಿಗೆ ಖರ್ಚು. ಆ ಖರ್ಚನ್ನು ಊರು ನೋಡಿಕೊಳ್ಳಲಿ. ಹಾಗಾಗಿ ಕೂಲಿ ಕಡಿಮೆ ಕೊಟ್ಟರೂ ನಡೆಯಿತು.

ಇನ್ನೊಂದು ಕೇಸು ನಮ್ಮ ಮಕ್ಕಳಿಗೆ ಮದ್ರಸದಲ್ಲೂ ಶಾಲೆಯಲ್ಲೂ ಹೇಳಿಕೊಡಬೇಕಾದದ್ದು. ದಕ್ಷಿಣ ಆಫ್ರಿಕದಲ್ಲಿದ್ದ ಹಸನ್ ಇಸೋಪ್ ಎಂಬವರ ಹೆಂಡತಿ ಬಾಯಿ ಮರಿಯಂ. ಗಂಡನ ಹತ್ತಿರ ಹೋಗಲು ಬಂದ ಆಕೆಯನ್ನು ಅಧಿಕಾರಿಗಳು ಒಳಗೆ ಬಿಡಲಿಲ್ಲ. ಕೇಸು ಕೋರ್ಟಿಗೆ ಹೋಯಿತು. 1913ರ ಮಾರ್ಚ್‌ನಲ್ಲಿ ಕೇಪ್‌ನ ನ್ಯಾಯಾಧೀಶ ಸರ್ಲ್ ಕೊಟ್ಟ ತೀರ್ಪು: ಬಹುಪತ್ನಿತ್ವಕ್ಕೆ ಎಡೆಯಿರುವ ಮುಸ್ಲಿಂ ವಿಧಿಯ ಮದುವೆ ಇಲ್ಲಿನ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಒಂದು ಸಹಿಯಲ್ಲಿ ಮುಸ್ಲಿಮರು ಮಾತ್ರವಲ್ಲ, ಹಿಂದೂ ಹೆಂಗಸರೂ ಕಾನೂನಿನ ಮುಂದೆ ಹೆಂಡತಿಯರಾಗಿ ಉಳಿಯಲಿಲ್ಲ. ಆಗಲೇ ಕಸ್ತೂರಬಾ ಮತ್ತು ಇತರ ಹೆಂಗಸರು ಸತ್ಯಾಗ್ರಹಕ್ಕಿಳಿದು ಜೈಲಿಗೆ ಹೋದದ್ದು. ನಿಕಾಹ್ ಓದಿಸಿದ್ದು ಖಾಝಿ, ಹೌದು. ಆದರೆ ಹೆಂಡತಿ ಯಾರೆಂದು ತೀರ್ಮಾನಿಸಿದ್ದು ಇಮಿಗ್ರೇಷನ್ ಕೌಂಟರ್.

ಅದು ದೂರದ ಕಥೆ ಅನ್ನಬೇಡಿ. ನಾವು ಮಲಗುವ ಈ ಇಬ್ರಿಯನ್ನೇ ನೋಡಿ. 1954ರ ಅಕ್ಟೋಬರ್ ತನಕ ಇದು ಇಮಾಮರ ಕಡೆಯ ಊರು. ಸುಲ್ತಾನರ ಪಡೆ ಬಂದು ವಶಕ್ಕೆ ತೆಗೆದುಕೊಂಡಿತು. ಆ ಪಡೆಗೆ ಹಣ ತೈಲ ಕಂಪೆನಿಯದ್ದು, ಅಧಿಕಾರಿಗಳು ಬ್ರಿಟಿಷರು. ಕಣ್ಣಿದ್ದದ್ದು ದಕ್ಷಿಣಕ್ಕಿರುವ ಫಹೂದ್ ಮೇಲೆ. 1956ರಲ್ಲಿ ಅಲ್ಲಿ ಮೊದಲ ಬಾವಿ ಕೊರೆದರು, 1967ರಲ್ಲಿ ಒಮಾನಿನ ಎಣ್ಣೆ ಹಡಗು ಹತ್ತಿತು. ಅಷ್ಟರೊಳಗೆ ಗಲ್ಫಿನ ಉದ್ದಕ್ಕೂ ಎಣ್ಣೆ ಊರುಗಳ ನಕ್ಷೆ ಆಗಿಹೋಗಿತ್ತು. ಕುವೈತಿನ ಅಹ್ಮದಿಯಲ್ಲಿ ಬಿಳಿಯ ಅಧಿಕಾರಿಗೆ ತೋಟವಿರುವ ಬಂಗಲೆ, ಹೆಂಡತಿ-ಮಕ್ಕಳು; ಹಿಂದೂಸ್ತಾನದ ಗುಮಾಸ್ತನಿಗೆ ಬೇರೆ ಬೀದಿ; ಕೂಲಿಗೆ ಅದಕ್ಕೂ ಕೆಳಗೆ. ಸಂಸಾರ ಎಂಬುದು ಮನುಷ್ಯನ ಹಕ್ಕಾಗಿರಲಿಲ್ಲ, ಗ್ರೇಡ್ ಆಗಿತ್ತು. ಇಂದಿನ ಫ್ಯಾಮಿಲಿ ವೀಸಾದ ಸಂಬಳದ ಗೆರೆಯಲ್ಲಿ ಅದೇ ಗ್ರೇಡ್ ನಮಗೆ ಕಾಣುತ್ತದೆ.

ಕಫೀಲ್ ಪದ್ಧತಿ ಅರಬರ ಹಳೆಯ ಸಂಪ್ರದಾಯ ಎಂದು ನಾವೂ ನಂಬಿಕೊಂಡಿದ್ದೆವು. 1920ರ ದಶಕದ ಬಹ್ರೇನಿನಲ್ಲಿ ಮುತ್ತು ತೆಗೆಯುವ ದೋಣಿಗಳಿಗೆ ಬರುವ ಪರದೇಶಿಗಳ ಜವಾಬ್ದಾರಿಯನ್ನು ಬ್ರಿಟಿಷ್ ಆಡಳಿತ ದೋಣಿಯ ಯಜಮಾನನ ತಲೆಗೆ ಕಟ್ಟಿದ್ದರಿಂದ ಅದು ಬೆಳೆಯಿತೆಂದು ಬಹ್ರೇನಿನ ವಿದ್ವಾಂಸ ಉಮರ್ ಅಲ್ ಶೆಹಾಬಿ ಬರೆದಿದ್ದಾರೆ. ನಮ್ಮ ಪಾಸ್‌ಪೋರ್ಟಿನ ಇಸಿಆರ್ ಮುದ್ರೆಯೂ ಹಾಗೆಯೇ. ಕೂಲಿಗೆ ಹೋಗುವವನನ್ನು ಬೇರೆ ಸಾಲಲ್ಲಿ ನಿಲ್ಲಿಸುವ 1922ರ ಬ್ರಿಟಿಷ್ ಕಾನೂನನ್ನು ನಮ್ಮದೇ ಸರಕಾರ 1983ರಲ್ಲಿ ಹೊಸದಾಗಿ ಬರೆಯಿತು, ಸಾಲು ಮಾತ್ರ ಉಳಿಯಿತು.

ಒಮಾನ್ ನಮಗೆ ಅನ್ನ ಕೊಟ್ಟ ನಾಡು. ಇಲ್ಲಿನವರು ಹಳೆಯ ಗಂಟು ಒಂದೊಂದಾಗಿ ಬಿಚ್ಚುತ್ತಿದ್ದಾರೆ. 2021ರ ಜನವರಿಯಿಂದ ಕೆಲಸ ಬದಲಿಸಲು ಎನ್‌ಒಸಿ ಬೇಡ ಎಂದಾಯಿತು. ಬಿಚ್ಚದವರು ನಾವು. ಕಹಿಯಾದರೂ ಹೇಳುತ್ತೇವೆ: ನಮ್ಮ ಬಹಳಷ್ಟು ಹುಡುಗರ ಮಾಲಕರು ನಮ್ಮವರೇ. ಕೆಫೆಟೀರಿಯ, ಜವಳಿ ಅಂಗಡಿ, ಗ್ಯಾರೇಜ್. ರಂಝಾನ್ ಸೀಸನ್ ಮುಗಿಯಲಿ, ಇನ್ನೊಬ್ಬ ಬರಲಿ ಎಂದು ರಜೆ ಮುಂದೂಡುವವರು, ಒಂದು ರೂಮಿಗೆ ಆರು ಮಂಚ ಹಾಕುವವರು ಬ್ರಿಟಿಷರಲ್ಲ ಮಾರಾಯ್ರೆ. ಕಂಪೆನಿಯ ಸಾಹೇಬ ಹೋದ. ಅವನ ರೂಲ್ ಬುಕ್ ನಮ್ಮ ಕಾಕನ ಕ್ಯಾಶ್ ಕೌಂಟರಿನ ಡ್ರಾಯರಿನಲ್ಲಿ ಉಂಟು. ಮತ್ತೆ ಅದೇ ಕಾಕ ವೇದಿಕೆಯ ಮೇಲೆ ನಮ್ಮ ತ್ಯಾಗವನ್ನು ಹೊಗಳಿ ಶಾಲು ಹೊದಿಸುತ್ತಾರೆ. ನಾವು ಹೊದ್ದುಕೊಳ್ಳುತ್ತೇವೆ.

ಊರಿನಲ್ಲಿ ಹೆಂಗಸು ಒಬ್ಬಳೇ ಸಾಲದ ಕಂತು, ಅತ್ತೆಯ ಮದ್ದು, ಮಕ್ಕಳ ಶಾಲೆ ನೋಡುತ್ತಾಳೆ. ಆ ಕೆಲಸಕ್ಕೆ ಯಾವ ಕಂಪೆನಿಯೂ ಸಂಬಳ ಕೊಟ್ಟಿಲ್ಲ, ಯಾವ ಸಂಘಟನೆಯೂ ಶಾಲು ಹೊದಿಸಿಲ್ಲ. ಅವಳು ಒಂದು ದಿನ ಸಿಟ್ಟಾದರೆ ಮಾತ್ರ ಪಂಚಾತಿಕೆಗೆ ನಾಲ್ಕು ಜನ ಹಾಜರು.

ನಮ್ಮ ಸದಸ್ಯತ್ವ ಫಾರ್ಮಿನಲ್ಲೂ 'ಫ್ಯಾಮಿಲಿ / ಬ್ಯಾಚುಲರ್' ಎಂಬ ಕಾಲಂ ಇತ್ತು. ಅದನ್ನು ಹೊಡೆದುಹಾಕಿ 'ಹೆಂಡತಿ-ಮಕ್ಕಳು ಎಲ್ಲಿದ್ದಾರೆ, ಕೊನೆಯ ರಜೆ ಯಾವಾಗ' ಎಂದು ಬರೆದಿದ್ದೇವೆ. ಮನೆ ತಕರಾರು ಬಂದರೆ ಮೊದಲು ಕರೆಯುವುದು ಮಾಲಕರನ್ನು, ಹೆಂಡತಿಯನ್ನು ಆಮೇಲೆ. ಆ ಬಂಟ್ವಾಳದ ತಂಗಿಯ ಗಂಡನ ರಜೆ ಅರ್ಜಿ ಏಳು ತಿಂಗಳಿಂದ ಅಂಗಡಿಯಲ್ಲಿ ಬಿದ್ದಿದೆ. ಬರುವ ಶುಕ್ರವಾರ ಜುಮಾ ಕಳೆದ ಮೇಲೆ ನಾವು ಅದೇ ನಾಲ್ಕು ಜನ ಅಲ್ಲಿಗೆ ಹೋಗುತ್ತಿದ್ದೇವೆ.