ನೋಡಿದ ಲೆಕ್ಕವೇ ಪರೀಕ್ಷೆಗೆ ಬಂದರೆ?

ಸ್ಮಾರ್ಟ್ ವಾಚಿನ ಬೆನ್ನಲ್ಲಿ ಹಸಿರು ದೀಪ ಮಿಣುಕುವುದನ್ನು ನೋಡಿದ್ದೀರಾ? ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಕೊಂಚ ಹೆಚ್ಚುತ್ತದೆ, ಮರಳುವ ಬೆಳಕು ಕೊಂಚ ತಗ್ಗುತ್ತದೆ. ಆ ಏರಿಳಿತ ಎಣಿಸಿದರೆ ನಾಡಿಬಡಿತ ಸಿಕ್ಕಿತು. ಇಷ್ಟಕ್ಕೆ ದೊಡ್ಡ ಬುದ್ಧಿಯೇನೂ ಬೇಡ. ಬಡಿತದ ಲಯ ಸರಿಯಿದೆಯೇ ಅಂತ ತೀರ್ಮಾನಿಸುವುದು ಕಷ್ಟ. ಅದಕ್ಕೆ ಈಗ ಯಂತ್ರ ಕಲಿಕೆ, ಅಂದರೆ ಮಷಿನ್ ಲರ್ನಿಂಗ್ ಬಳಸುತ್ತಾರೆ. ಸಾವಿರಾರು ಬಡಿತ ತೋರಿಸಿ ಇದು ಸರಿ, ಇದು ಏರುಪೇರು ಎಂದು ಕಲಿಸಿ, ಬೇರೆ ಬಡಿತ ಕೊಟ್ಟು ಪರೀಕ್ಷೆ ಮಾಡುತ್ತಾರೆ.

ನನ್ನ ತಕರಾರು ಆ ಪರೀಕ್ಷೆಯ ಬಗ್ಗೆ. 'ನೂರಕ್ಕೆ 99 ಸರಿ' ಅಂದ ಕೂಡಲೇ ನಾವು ಬೆರಗಾಗುತ್ತೇವೆ. ಪ್ರಶ್ನೆಪತ್ರಿಕೆ ಹೇಗಿತ್ತು ಅಂತ ಮಾತ್ರ ಕೇಳುವುದಿಲ್ಲ.

ಈ ಕೆಲಸಕ್ಕೆ ಹೆಚ್ಚು ಬಳಕೆಯಾಗುವ ಒಂದು ಹಳೆಯ ದತ್ತಾಂಶವಿದೆ: ಎಂಐಟಿ-ಬಿಐಎಚ್ ಸಂಗ್ರಹ. ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ 1975ರಿಂದ 1979ರ ನಡುವೆ, ಮೈಗೆ ಕಟ್ಟಿಕೊಂಡೇ ಓಡಾಡಬಹುದಾದ ಹೋಲ್ಟರ್ ಯಂತ್ರದಿಂದ ತೆಗೆದ ಇಸಿಜಿಗಳು. ಅರ್ಧರ್ಧ ಗಂಟೆಯ 48 ದಾಖಲೆ, ಸುಮಾರು 1,10,000 ಬಡಿತ. ಹೃದಯತಜ್ಞರು ಒಂದೊಂದು ಬಡಿತವನ್ನೂ ನೋಡಿ ಗುರುತು ಹಾಕಿದ್ದಾರೆ. ಅದೆಂಥ ತಾಳ್ಮೆ! ಆದರೆ ಇಷ್ಟೂ ಬಡಿತ ಬಂದದ್ದು ಬರೀ 47 ಜನರಿಂದ.

ಒಬ್ಬೊಬ್ಬರ ಕೈಬರಹ ಒಂದೊಂದು ಥರ ಇರುವ ಹಾಗೆ ಇಸಿಜಿಯ ಆಕಾರವೂ ಒಬ್ಬೊಬ್ಬರದು ಒಂದೊಂದು ಥರ. ಎಲ್ಲ ಬಡಿತಗಳನ್ನೂ ಕಲಸಿ, ಒಂದು ಪಾಲನ್ನು ಕಲಿಕೆಗೂ ಇನ್ನೊಂದನ್ನು ಪರೀಕ್ಷೆಗೂ ಇಟ್ಟರೆ ಏನಾಗುತ್ತದೆ? ಒಬ್ಬನದೇ ಬಡಿತ ಎರಡೂ ಕಡೆ ಇರುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಗೂ ಕೊಟ್ಟಂತೆ. ಅಂಕ ಬರದೆ ಇರುತ್ತದೆಯೇ? 2004ರಲ್ಲಿ ಕೆಲವು ಸಂಶೋಧಕರು ಪೇಸ್‌ಮೇಕರ್ ಇದ್ದ 4 ದಾಖಲೆ ಬಿಟ್ಟು, 22 ಕಲಿಕೆಗೆ, 22 ಪರೀಕ್ಷೆಗೆ ಎಂದು ದಾಖಲೆಗಳನ್ನೇ ಬೇರೆಬೇರೆ ಮಾಡಿದರು. ಹೀಗೆ ಮಾಡಿದರೆ ಅಂಕ ಇಳಿಯುತ್ತದೆ. ನನ್ನ ಮಟ್ಟಿಗೆ ಆ ಕಡಿಮೆ ಅಂಕವೇ ನಿಜವಾದ ಅಂಕ. ವಾಚು ಕೊಳ್ಳುವವನು ಆ 47 ಜನರಲ್ಲಿ ಒಬ್ಬನಲ್ಲವಲ್ಲ!

ಇನ್ನೂ ಒಂದು ಮಾತಿದೆ. ಆ ಸಂಗ್ರಹದ ಗಂಡಸರಲ್ಲಿ ಕಿರಿಯನಿಗೆ 32 ವರ್ಷ, ಹೆಂಗಸರಲ್ಲಿ ಕಿರಿಯಳಿಗೆ 23. ನಿಮ್ಮ ವಯಸ್ಸಿನವರು ಒಬ್ಬರೂ ಇಲ್ಲ. ಮಕ್ಕಳ ಹೃದಯ ದೊಡ್ಡವರದಕ್ಕಿಂತ ವೇಗವಾಗಿ ಬಡಿಯುತ್ತದೆ. ಉಸಿರು ಎಳೆದಾಗ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದೂ ಮಕ್ಕಳಲ್ಲಿ ಹೆಚ್ಚು. ಅದು ರೋಗವಲ್ಲ, ಸಹಜ. ದೊಡ್ಡವರನ್ನಷ್ಟೇ ನೋಡಿ ಕಲಿತ ಯಂತ್ರ ಇದನ್ನು ಏರುಪೇರು ಅಂದುಬಿಟ್ಟರೆ, ಗಾಬರಿ ಮನೆಯವರಿಗೆ.

ಇದನ್ನು ನೋಡಲು ವಾಚು ಬೇಡ. ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ನಿಧಾನವಾಗಿ ಉಸಿರೆಳೆಯಿರಿ, ನಿಧಾನವಾಗಿ ಬಿಡಿ. ಆಮೇಲೆ ಅಜ್ಜನ ಕೈ ಹಿಡಿದು ಅವರಿಗೂ ಹಾಗೇ ಮಾಡಲು ಹೇಳಿ. ಇಬ್ಬರ ನಾಡಿಯಲ್ಲಿ ಏನು ವ್ಯತ್ಯಾಸ ಸಿಕ್ಕಿತೆಂದು ಬರೆದು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.