ಬಾಣಂತಿಯರ ಮಾತಿಗೆ ಬೆಲೆ ಕಟ್ಟೋಣ

ಗಂಡಸರು ಅರಳಿಕಟ್ಟೆಯ ಮೇಲೆ ಕೂತು ಮಾತಾಡಿದರೆ ಅದಕ್ಕೆ ನಾವು ಪಂಚಾಯ್ತಿ ಎನ್ನುತ್ತೇವೆ. ಹೆಂಗಸರು ಜಗಲಿಯ ಮೇಲೆ ಕೂತು ಮಾತಾಡಿದರೆ ಅದು ಹರಟೆ. ಆ ಹೆಂಗಸರಲ್ಲಿ ಒಬ್ಬಳು ಬಸುರಿಯೋ, ಕಂಕುಳಲ್ಲಿ ಕೂಸು ಇಟ್ಟುಕೊಂಡವಳೋ ಆಗಿದ್ದರೆ ಆ ಮಾತಿಗೆ ಇನ್ನೂ ಬೆಲೆ ಕಡಿಮೆ. 'ಮಗುವಿನ ಹಾಲು, ಜ್ವರ, ನಿದ್ದೆ ಬಿಟ್ಟರೆ ಇವರಿಗೆ ಬೇರೆ ಪ್ರಪಂಚವೇ ಇಲ್ಲ' ಎಂದು ನಗುವವರನ್ನು ಕಂಡಿದ್ದೇನೆ. ಈ 'ಹರಟೆ'ಯನ್ನು ನಾವು, ಅದರಲ್ಲೂ ಸಂಘದ ಮಹಿಳೆಯರು, ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ. ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ವಿರುದ್ಧ ಹೋರಾಡುವ ಪತ್ರಿಕೆಯಲ್ಲಿ ಬಾಣಂತಿಯರ ಮಾತುಕತೆಯ ಬಗ್ಗೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಅದನ್ನೇ ವಿವರಿಸುತ್ತೇನೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು. ನಿವೃತ್ತಿಯಾದ ಮೇಲೆ ನಮ್ಮ ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳ ಸಭೆಗೆ ಹೋಗಿಬರುತ್ತಿದ್ದೇನೆ. ಲಸಿಕೆಯ ದಿನ ಅಂಗನವಾಡಿಯಲ್ಲಿ ಕೂತು ತಾಯಂದಿರ ಮಾತು ಕೇಳುತ್ತೇನೆ. ಒಬ್ಬಳು ಕಾಲು ಬಾತಿದೆ ಎನ್ನುತ್ತಾಳೆ. ಪಕ್ಕದವಳು, 'ನಂಗೂ ಹಂಗೇ ಆಗಿತ್ತು ಕಣೆ, ಬಿ.ಪಿ. ಜಾಸ್ತಿ ಇತ್ತು, ಆಶಾ ಅಕ್ಕನಿಗೆ ಹೇಳು' ಎನ್ನುತ್ತಾಳೆ. ಇನ್ನೊಬ್ಬಳಿಗೆ ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲು ಎಂದು ಮನೆಯಲ್ಲಿ ಹೇಳಿದ್ದರಂತೆ. ಎರಡು ಮಕ್ಕಳ ತಾಯಿಯೊಬ್ಬಳು ಅದೇ ಮಗುವಿಗೆ ಮೊದಲ ಲಸಿಕೆ ಇದ್ದ ಹಾಗೆ, ಚೆಲ್ಲಬೇಡ ಎಂದು ಬಿಡಿಸಿ ಹೇಳುತ್ತಾಳೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ ತಾಯಿಯ ಖಾತೆಗೇ ಬರುತ್ತದೆ, ಎರಡನೆಯದು ಹೆಣ್ಣಾದರೆ 6000 ಬರುತ್ತದೆ ಎಂಬುದು ಎಷ್ಟೋ ಜನಕ್ಕೆ ತಿಳಿಯುವುದು ಗೋಡೆಗೆ ಅಂಟಿಸಿದ ಕಾಗದದಿಂದಲ್ಲ, ಇಂಥ ಮಾತಿನಿಂದಲೇ.

ಮಾತು ಜೀವ ಉಳಿಸುತ್ತದೆಯೇ? ಉಳಿಸುತ್ತದೆ ಎಂಬುದಕ್ಕೆ ಪುರಾವೆ ನಮ್ಮ ದೇಶದಲ್ಲೇ ಇದೆ. 2005ರಿಂದ 2008ರವರೆಗೆ ಜಾರ್ಖಂಡ್ ಮತ್ತು ಒಡಿಶಾದ, ಹೆಚ್ಚಾಗಿ ಆದಿವಾಸಿಗಳಿರುವ ಹಳ್ಳಿಗಳಲ್ಲಿ ಏಕಜುಟ್ ಎಂಬ ಸಂಸ್ಥೆ ಒಂದು ಪ್ರಯೋಗ ಮಾಡಿತು. ಹೆಂಗಸರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಊರಿನವಳೇ ಒಬ್ಬಳು ಸಭೆ ನಡೆಸುತ್ತಿದ್ದಳು. ಚಿತ್ರದ ಕಾರ್ಡು, ಆಟ, ಕಥೆಗಳ ಮೂಲಕ ಬಸಿರು ಬಾಣಂತನದ ತೊಂದರೆಗಳನ್ನು ಅವರೇ ಗುರುತಿಸಿ, ಅವರೇ ಪರಿಹಾರ ಯೋಚಿಸುತ್ತಿದ್ದರು. 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಗುಂಪುಗಳಿದ್ದ ಕಡೆ, ಗುಂಪುಗಳಿಲ್ಲದ ಕಡೆಗಿಂತ, ಹುಟ್ಟಿದ ತಿಂಗಳೊಳಗೆ ಸಾಯುವ ಶಿಶುಗಳ ಪ್ರಮಾಣ ನೂರಕ್ಕೆ 32ರಷ್ಟು ಕಡಿಮೆಯಾಗಿತ್ತು. ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ ಇಂಥದೇ ಗುಂಪುಗಳಿಂದ ನೂರಕ್ಕೆ 30ರಷ್ಟು ಕಡಿಮೆಯಾದದ್ದು 2004ರಲ್ಲೇ ವರದಿಯಾಗಿತ್ತು. ಹೊಸ ಆಸ್ಪತ್ರೆ ಕಟ್ಟಿದ್ದರಿಂದ ಆದ ಬದಲಾವಣೆ ಇದಲ್ಲ. ಹೆಂಗಸರು ಒಟ್ಟಿಗೆ ಕೂತು ಮಾತಾಡಿ, ಮಾತಾಡಿದ್ದನ್ನು ಮಾಡಿದ್ದರಿಂದ ಆದದ್ದು.

ಈಗ ಹಿಂಸೆಯ ವಿಷಯಕ್ಕೆ ಬರುತ್ತೇನೆ. ವರದಕ್ಷಿಣೆ ಎಂದರೆ ಮದುವೆಯ ದಿನ ಮುಗಿದುಹೋಗುವ ವ್ಯವಹಾರ ಎಂದು ಹಲವರು ತಿಳಿದಿದ್ದಾರೆ. ನಮ್ಮ ಕಡೆ ಅದು ಕಂತುಗಳಲ್ಲಿ ನಡೆಯುತ್ತದೆ. ಸೀಮಂತಕ್ಕೆ ಸೀರೆ, ಬೀಗರ ಕಡೆಯವರಿಗೆಲ್ಲ ಊಟ, ಉಡುಗೊರೆ. ಮೊದಲ ಹೆರಿಗೆ ತವರಿನದೇ ಎಂಬ ಪದ್ಧತಿಯಿಂದ ಆಸ್ಪತ್ರೆಯ ಖರ್ಚು, ಬಾಣಂತನದ ಖರ್ಚು. ಆಮೇಲೆ ನಾಮಕರಣ, ತೊಟ್ಟಿಲ ಶಾಸ್ತ್ರ, ಮಗುವಿಗೆ ಬೆಳ್ಳಿ ಉಡಿದಾರ, ಕಾಲ್ಗಡಗ, ಚಿನ್ನದ ಸರ, ಅಳಿಯನಿಗೆ ಉಂಗುರ. ಪ್ರೀತಿಯಿಂದ ಅಜ್ಜಿ ತಾತ ಮೊಮ್ಮಗುವಿಗೆ ಕೊಟ್ಟರೆ ಯಾರ ಆಕ್ಷೇಪವೂ ಇಲ್ಲ. 'ಇಷ್ಟು ಹಾಕಿದರೆ ಮಾತ್ರ ಬಂದು ಕರಕೊಂಡು ಹೋಗ್ತೀವಿ' ಎಂದಾಗ ಅದು ಉಡುಗೊರೆಯಾಗಿ ಉಳಿಯುವುದಿಲ್ಲ.

ನನಗೆ ಪರಿಚಯವಿರುವ ಒಬ್ಬ ಹುಡುಗಿ ಹೆರಿಗೆಯಾಗಿ ಏಳು ತಿಂಗಳಾದರೂ ತವರಿನಲ್ಲೇ ಇದ್ದಳು. 'ಮಗು ಗಟ್ಟಿಯಾಗಲಿ ಅಂತ ಇಟ್ಟುಕೊಂಡಿದ್ದೀವಿ' ಎಂದು ಅವಳ ತಾಯಿ ಎಲ್ಲರಿಗೂ ಹೇಳುತ್ತಿದ್ದರು. ಲಸಿಕೆಗೆ ಬಂದ ದಿನ ಪಕ್ಕದಲ್ಲಿ ಕೂತ ಇನ್ನೊಬ್ಬ ತಾಯಿ ಸುಮ್ಮನೆ ಕೇಳಿದಳು, 'ನಿಮ್ಮೆಜಮಾನ್ರು ಮಗು ನೋಡಕ್ಕೆ ಬರ್ತಾರೇನೆ?' ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಹುಟ್ಟಿದ್ದು ಹೆಣ್ಣು ಎಂದು ಗಂಡ ಒಮ್ಮೆಯೂ ಬಂದಿರಲಿಲ್ಲ. ನಾಲ್ಕು ತೊಲ ಚಿನ್ನ ಮತ್ತು ಒಂದು ಬೈಕು ಬಂದರೆ ಯೋಚಿಸೋಣ ಎಂದು ಅತ್ತೆ ಮನೆಯವರು ಹೇಳಿಕಳಿಸಿದ್ದರು. ಯಾವ ಅಧಿಕಾರಿಯೂ, ಯಾವ ಡಾಕ್ಟರೂ ಕೇಳದ ಪ್ರಶ್ನೆಯನ್ನು ಕೇಳಿದವಳು ಮೂರನೆಯ ತರಗತಿಗೆ ಶಾಲೆ ಬಿಟ್ಟ ಒಬ್ಬ ಕೂಲಿ ಹೆಂಗಸು. ಆ ಪ್ರಶ್ನೆಯಿಂದಲೇ ಸಂಘದವರಿಗೆ ವಿಷಯ ತಿಳಿದು ಮುಂದಿನ ಕೆಲಸ ಶುರುವಾಯಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ, ಮದುವೆಯಾದ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಇಡೀ ದೇಶದ ಲೆಕ್ಕದಲ್ಲಿ ಇದು ನೂರಕ್ಕೆ 29. ಬಸುರಿಯಾಗಿದ್ದಾಗಲೇ ಹೊಡೆತ ತಿಂದವರು ದೇಶದಲ್ಲಿ ನೂರಕ್ಕೆ ಮೂವರು. ಬಾಯಿಬಿಟ್ಟು ಹೇಳಿದವರ ಲೆಕ್ಕವಷ್ಟೇ ಇದು. ಹತ್ತು ಜನ ಬಾಣಂತಿಯರು ಅಂಗನವಾಡಿಯಲ್ಲಿ ಕೂತಿದ್ದರೆ, ಅವರಲ್ಲಿ ಮೂರು ನಾಲ್ಕು ಜನರಿಗಾದರೂ ಮನೆಯಲ್ಲಿ ಇಂಥ ಕಷ್ಟ ಇರಬಹುದು ಎಂದೇ ನಾವು ತಿಳಿಯಬೇಕು.

ಹೆಣ್ಣು ಹೆತ್ತದ್ದಕ್ಕೆ ಹಂಗಿಸುವುದನ್ನು ನೋಡಿ. ಮಗು ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುವುದು ಗಂಡಸಿನ ವೀರ್ಯಾಣುವಿನಿಂದ. ತಾಯಿ ಕೊಡುವುದು ಯಾವಾಗಲೂ ಎಕ್ಸ್ ಎಂಬ ವರ್ಣತಂತು ಒಂದೇ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಇದು ಹೈಸ್ಕೂಲು ಪುಸ್ತಕದಲ್ಲಿದೆ, ಆದರೆ ಪಾಠ ಓದಿದ ಹುಡುಗರೇ ಮದುವೆಯಾದ ಮೇಲೆ ಹೆಂಡತಿಯನ್ನು ದೂರುತ್ತಾರೆ. ಮಗು ಆಗಲಿಲ್ಲ, ಗಂಡು ಮಗು ಆಗಲಿಲ್ಲ ಎಂದು ಅವಮಾನಿಸುವುದು ಕೌಟುಂಬಿಕ ಹಿಂಸೆ ಎಂದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಹೊಡೆದರೆ ಮಾತ್ರ ಹಿಂಸೆ ಎಂದು ತಿಳಿದಿರುವ ಹೆಣ್ಣುಮಕ್ಕಳಿಗೆ ಈ ಒಂದು ವಾಕ್ಯ ಗೊತ್ತಾಗಬೇಕು.

ಕಾನೂನಿನ ಇನ್ನೊಂದು ಅಂಶವನ್ನೂ ಸಂಘದವರು ತಿಳಿದಿರುವುದು ಒಳ್ಳೆಯದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಯ ಮೊದಲಿನ, ಮದುವೆಯ ಹೊತ್ತಿನ ಮತ್ತು ಆಮೇಲಿನ ಕೊಡುಕೊಳ್ಳುವಿಕೆಗೂ ಅನ್ವಯಿಸುತ್ತದೆ, ಆದರೆ ಅದು ಮದುವೆಗೆ ಸಂಬಂಧಪಟ್ಟಿರಬೇಕು. ಮಗು ಹುಟ್ಟಿದಾಗ ಸಂಪ್ರದಾಯದಂತೆ ಕೊಡುವುದು ವರದಕ್ಷಿಣೆಯ ವ್ಯಾಖ್ಯೆಗೆ ಬರುವುದಿಲ್ಲ ಎಂದು 2001ರಲ್ಲಿ ಸತ್ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ತೊಟ್ಟಿಲ ಶಾಸ್ತ್ರದ ಹೆಸರಿನಲ್ಲಿ ಏನು ಬೇಕಾದರೂ ಕೇಳಬಹುದೇ? ಖಂಡಿತ ಇಲ್ಲ. ಆಸ್ತಿಗಾಗಿ, ಬೆಲೆಬಾಳುವ ವಸ್ತುವಿಗಾಗಿ ಕಾನೂನುಬಾಹಿರ ಬೇಡಿಕೆ ಇಟ್ಟು ಹೆಂಡತಿಯನ್ನೋ ಅವಳ ತವರಿನವರನ್ನೋ ಪೀಡಿಸುವುದು ಕ್ರೌರ್ಯ. ಮೊದಲು ಇದು ದಂಡ ಸಂಹಿತೆಯ 498ಎ ಕಲಮು ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ ವಿಧಿಸಬಹುದು. ಇನ್ನು 'ಬಾಣಂತನಕ್ಕೆ ಹೋದವಳು ಅಲ್ಲೇ ಇರಲಿ' ಎಂದು ಬಾಗಿಲು ಮುಚ್ಚುವವರಿಗೆ 2005ರ ಕಾಯ್ದೆಯಲ್ಲೇ ಉತ್ತರವಿದೆ. ಗಂಡನ ಜೊತೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ, ಮನೆ ಅವಳ ಹೆಸರಿನಲ್ಲಿ ಇರಬೇಕಾಗಿಲ್ಲ.

ಆದರೆ ಹಕ್ಕಿದ್ದರೂ ಮಾತಾಡಲು ಜಾಗ ಬೇಕಲ್ಲ! ಬಸುರಿಯನ್ನು ತಪಾಸಣೆಗೆ ಕರೆತಂದಾಗ ಡಾಕ್ಟರ ಪ್ರಶ್ನೆಗೆಲ್ಲ ಉತ್ತರ ಕೊಡುವವರು ಅತ್ತೆ ಅಥವಾ ಗಂಡ. ಮನೆಯಲ್ಲಿ ಫೋನು ಗಂಡನ ಕೈಯಲ್ಲಿ. ಬಾಣಂತಿಯಂತೂ ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಒಬ್ಬಳೇ. ಅವಳು ಸರೀಕರ ಜೊತೆ ಕೂರಲು ಉಳಿದಿರುವ ಜಾಗ ಅಂಗನವಾಡಿ ಒಂದೇ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾದಾಗ ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಎಂದು ಗೊತ್ತುಮಾಡಿದ್ದರು. ದೂರ, ಬಿಸಿಲು, ಜಾತಿ, 'ಹೊರಗೆ ಕೂತು ಉಣ್ಣೋದೇನು' ಎಂಬ ಹಿರಿಯರ ಗೊಣಗಾಟ, ಇದೆಲ್ಲ ಅಡ್ಡಬಂತು. ದೂರದವರ ಕಷ್ಟ ನಿಜವಾದದ್ದೇ, ಅದಕ್ಕೆ ಬೇರೆ ವ್ಯವಸ್ಥೆ ಆಗಬೇಕು. ಆದರೆ ಬರಲು ಆಗುವವರನ್ನು ಬರಗೊಡದೆ ಇರುವುದಕ್ಕೆ ಒಪ್ಪಬಾರದು. ಅಲ್ಲಿ ಸಿಗುವುದು ಅನ್ನ, ಸಾರು, ಮೊಟ್ಟೆ ಮಾತ್ರವೇ? ಅರ್ಧ ಗಂಟೆ ಅತ್ತೆಯ ಕಣ್ಣಿಲ್ಲದ ಮಾತೂ ಸಿಗುತ್ತದೆ.

ಮನೆಯ ಮಾತು ಬೀದಿಗೆ ಬಂದರೆ ಸಂಸಾರ ಒಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಸಂಸಾರ ಒಡೆಯುವುದು ಹೊಡೆತದಿಂದ, ಬೇಡಿಕೆಯಿಂದ. ಅದನ್ನು ಬಾಯಿಬಿಟ್ಟು ಹೇಳಿದವಳನ್ನು ದೂರುವುದು ಯಾವ ನ್ಯಾಯ? ಆದರೆ ಈ ಆಕ್ಷೇಪದಲ್ಲಿ ಒಂದು ನಿಜವೂ ಇದೆ. ಹೇಳಿಕೊಂಡ ಗುಟ್ಟು ಮಾರನೆಯ ದಿನ ನಲ್ಲಿಯ ಹತ್ತಿರ ಕೇಳಿಬಂದರೆ, ಅದು ಗಂಡನ ಕಿವಿಗೆ ಬಿದ್ದರೆ, ಹೊಡೆತ ಇನ್ನೂ ಹೆಚ್ಚಾಗುತ್ತದೆ. ಆದ್ದರಿಂದ ಗುಟ್ಟು ಕಾಯುವ ನಿಯಮವನ್ನು ನಾವು ಕಂತಿನ ಹಣ ಕಾಯುವಷ್ಟೇ ಕಟ್ಟುನಿಟ್ಟಾಗಿ ಕಾಯಬೇಕು.

ಇನ್ನು ನಮ್ಮನ್ನೇ ಕೇಳಿಕೊಳ್ಳಬೇಕಾದ ಮಾತು. ನಮ್ಮ ಸಂಘಗಳಲ್ಲಿ ಅಮ್ಮಂದಿರೂ ಇದ್ದಾರೆ, ಅತ್ತೆಯಂದಿರೂ ಇದ್ದಾರೆ. ಮಗಳ ಬಾಣಂತನಕ್ಕೆ ಸಾಲ ಬೇಕು ಎಂದು ಒಬ್ಬಳು ಸಭೆಯಲ್ಲಿ ಕೇಳುವಾಗ, ಅದೇ ಸಭೆಯಲ್ಲಿ ಕೂತ ಇನ್ನೊಬ್ಬಳು ಸೊಸೆಯ ತವರಿನಿಂದ ಬೆಳ್ಳಿ ತೊಟ್ಟಿಲು ಬರಲಿ ಎಂದು ಕಾಯುತ್ತಿರುತ್ತಾಳೆ. ವಾರ ವಾರ ಹತ್ತು, ಇಪ್ಪತ್ತು ರೂಪಾಯಿ ಕೂಡಿಟ್ಟ ಉಳಿತಾಯ ಹೀಗೆ ಅಳಿಯನ ಉಂಗುರವಾಗಿ ಹೋಗುವುದಾದರೆ ನಮ್ಮ ಸ್ವಸಹಾಯ ಯಾರಿಗೆ ಸಹಾಯ? ಆಸ್ಪತ್ರೆಗೆ, ಮದ್ದಿಗೆ, ಬಾಣಂತಿಯ ಆಹಾರಕ್ಕೆ ಸಾಲ ಕೊಡೋಣ. ಬೀಗರ ಬೇಡಿಕೆ ತೀರಿಸಲು ಕೊಡುವುದಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡೋಣ. ಸೊಸೆಯ ತವರಿಂದ ಏನನ್ನೂ ಕೇಳುವುದಿಲ್ಲ ಎಂದು ಅತ್ತೆಯಂದಿರೂ ಅದರ ಕೆಳಗೆ ಸಹಿ ಹಾಕಲಿ. ಕಷ್ಟದ ಕೆಲಸ ಎಂದು ಬಲ್ಲೆ, ಆದರೆ ನಾವಲ್ಲದೆ ಮತ್ತೆ ಯಾರು ಶುರುಮಾಡಬೇಕು?

ನನಗೆ ತೋಚಿದ ಕೆಲವು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ತಿಂಗಳ ಒಂದು ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆಯನ್ನು ಊರಿನ ಬಸುರಿ ಬಾಣಂತಿಯರಿಗೆ ಬಿಟ್ಟುಕೊಡಿ. ಅವರು ಸದಸ್ಯರಾಗಿರಬೇಕಾಗಿಲ್ಲ. ಅತ್ತೆಯಂದಿರಿಗೆ ಬೇರೆ ದಿನ, ಬೇರೆ ಮಾತುಕತೆ ಇರಲಿ. ಬರಲಾಗದ ಬಾಣಂತಿಯ ಮನೆಗೆ ಇಬ್ಬರು ಹೋಗಿ ಬನ್ನಿ. ಒಬ್ಬಳು ಅತ್ತೆಯ ಜೊತೆ ಅಡುಗೆಮನೆಯಲ್ಲಿ ಮಾತಾಡುತ್ತಿರಲಿ, ಇನ್ನೊಬ್ಬಳು ಬಾಣಂತಿಯ ಪಕ್ಕ ಕೂರಲಿ. 'ಯಾರಾದ್ರೂ ಹೊಡೀತಾರಾ' ಎಂದು ನೇರ ಕೇಳಿದರೆ ಯಾರೂ ಹೇಳುವುದಿಲ್ಲ. 'ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನೇಲಿ ಎಲ್ಲಾ ಹೇಗೆ ನೋಡ್ಕೋತಾರೆ' ಎಂದು ಶುರುಮಾಡಿ. ಸದಾ ಅಳುವವಳನ್ನು, ಮಗುವನ್ನು ಮುಟ್ಟದವಳನ್ನು, ಸಾಯುವ ಮಾತಾಡುವವಳನ್ನು 'ಸನ್ನಿ' ಎಂದು ದೇವರು ದಿಂಡರಿಗೆ ತೋರಿಸುತ್ತ ಕೂರಬೇಡಿ. ಅದಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಟೆಲಿ ಮಾನಸ್ 14416ಕ್ಕೆ ಫೋನು ಮಾಡಿದರೆ ಸಲಹೆ ಸಿಗುತ್ತದೆ.

ಅಪ್ಪಂದಿರನ್ನೂ ಬಿಡಬೇಡಿ. ಮಗುವನ್ನು ಎತ್ತಿಕೊಂಡು ಲಸಿಕೆಗೆ ಬರುವ ಯುವಕರು ಈಗ ಅಲ್ಲಲ್ಲಿ ಕಾಣುತ್ತಾರೆ. ಅವರನ್ನು ನೋಡಿ 'ಹೆಂಡತಿ ಗುಲಾಮ' ಎಂದು ನಗುವುದನ್ನು ನಾವು ಹೆಂಗಸರೇ ಮೊದಲು ನಿಲ್ಲಿಸಬೇಕು.

ಮಾತಿನಲ್ಲಿ ಹಿಂಸೆಯ ಸುಳಿವು ಸಿಕ್ಕರೆ ಅವಳ ಒಪ್ಪಿಗೆ ಕೇಳಿ ಮುಂದುವರಿಯಿರಿ. ಪ್ರಾಣಾಪಾಯವಿದ್ದರೆ 112, ಸಲಹೆ ಸಹಾಯಕ್ಕೆ ಮಹಿಳಾ ಸಹಾಯವಾಣಿ 181. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ 2005ರ ಕಾಯ್ದೆಯ ಕೆಳಗೆ ಸಂರಕ್ಷಣಾಧಿಕಾರಿ. ಅಂಗನವಾಡಿಯೂ ಅದೇ ಕಚೇರಿಗೆ ಸೇರಿದ್ದು. ಅಂದರೆ ಬಾಣಂತಿ ಊಟಕ್ಕೆ ಬರುವ ಜಾಗದಿಂದಲೇ ಅವಳ ದೂರಿಗೂ ದಾರಿ ಇದೆ. ಆ ಕಚೇರಿಯ ಫೋನ್ ನಂಬರನ್ನು ಮುಂದಿನ ಸಭೆಯಲ್ಲಿ ಪ್ರತಿಯೊಬ್ಬ ಬಸುರಿಯ ತಾಯಿ ಕಾರ್ಡಿನ ಹಿಂದೆ ಬರೆದುಕೊಡಿ. ಬರೆಯುವಾಗ ಪಕ್ಕದಲ್ಲಿ ಕೂತು ನಾಲ್ಕು ಮಾತಾಡಿ, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.